ಇಂಗ್ಲೆಂಡಿನ ವಯಸ್ಕರ ಆರೈಕೆ ಗೃಹಗಳ ಕುರಿತ ದೂರು ಮತ್ತು ತನಿಖೆ

ವೃದ್ಧಾಪ್ಯ, ಅಂಗವೈಕಲ್ಯ, ಮರೆವಿನ ಕಾಯಿಲೆ ಮೊದಲಾದ ಕಾರಣಗಳಿಂದ ಇತರರ ನೆರವನ್ನು ಅವಲಂಬಿಸಿದ ವಯಸ್ಕರು ವಾಸಿಸುವ ಸಂಸ್ಥೆಗಳನ್ನು ಆರೈಕೆ ಗೃಹ ಅಥವಾ ಕೇರ್ ಹೋಮ್ ಎಂದು ಕರೆಯಲಾಗುತ್ತದೆ. ಇಂಗ್ಲೆಂಡಿನಲ್ಲಿ ಇಂತಹ ಗೃಹಗಳ ವಿರುದ್ಧದ ಎಲ್ಲ ದೂರುಗಳನ್ನು ಒಂದೇ ಸಂಸ್ಥೆ ವಿಚಾರಿಸುವುದಿಲ್ಲ. ದೂರಿನ ಸ್ವರೂಪಕ್ಕೆ ಅನುಗುಣವಾಗಿ ಗೃಹದ ಆಡಳಿತ, ಓಂಬುಡ್ಸ್‌ಮನ್, ಸ್ಥಳೀಯ ಕೌನ್ಸಿಲ್, ಕೇರ್ ಕ್ವಾಲಿಟಿ ಕಮಿಷನ್ ಹಾಗೂ ಪೊಲೀಸರು ಪ್ರತ್ಯೇಕ ಹೊಣೆಗಳನ್ನು ಹೊಂದಿರುತ್ತಾರೆ. ಸ್ಕಾಟ್ಲೆಂಡ್, ವೇಲ್ಸ್ ಮತ್ತು ಉತ್ತರ ಐರ್ಲೆಂಡ್‌ಗಳಲ್ಲಿ ಬೇರೆ ನಿಯಂತ್ರಣ ಸಂಸ್ಥೆಗಳಿವೆ.

ಸೇವಾ ಲೋಪದ ದೂರು

ಊಟ, ಸ್ವಚ್ಛತೆ, ಶುಲ್ಕ, ಸಿಬ್ಬಂದಿಯ ವರ್ತನೆ ಮುಂತಾದ ವಿಷಯಗಳ ದೂರನ್ನು ಮೊದಲು ಗೃಹದ ಆಡಳಿತಕ್ಕೆ ಸಲ್ಲಿಸಬೇಕು. ದೂರುಗಳನ್ನು ಸ್ವೀಕರಿಸಿ ವಿಚಾರಿಸುವ ವ್ಯವಸ್ಥೆಯನ್ನು ಹೊಂದಿರುವುದು 2014ರ ನಿಯಮಗಳ ಪ್ರಕಾರ ಪ್ರತಿಯೊಂದು ಗೃಹಕ್ಕೂ ಕಡ್ಡಾಯ. ಕೌನ್ಸಿಲ್ ವೆಚ್ಚ ಭರಿಸುತ್ತಿದ್ದರೆ ಅದಕ್ಕೂ ದೂರು ನೀಡಬಹುದು.

ಉತ್ತರ ತೃಪ್ತಿಕರವಾಗಿರದಿದ್ದಲ್ಲಿ ಸ್ಥಳೀಯ ಸರ್ಕಾರ ಮತ್ತು ಸಾಮಾಜಿಕ ಆರೈಕೆ ಓಂಬುಡ್ಸ್‌ಮನ್ ಅವರ ಮೊರೆ ಹೋಗಬಹುದು. ಸ್ವಂತ ಹಣದಿಂದ ಶುಲ್ಕ ಪಾವತಿಸುವ ನಿವಾಸಿಗಳಿಗೂ 2010ರಿಂದ ಈ ಅವಕಾಶ ದೊರೆತಿದೆ. ಸೇವೆ ಉಚಿತವಾಗಿದ್ದು, ಸಮಸ್ಯೆ ತಿಳಿದುಬಂದ 12 ತಿಂಗಳೊಳಗೆ ದೂರು ನೀಡುವುದು ಸಾಮಾನ್ಯ ನಿಯಮ. ಓಂಬುಡ್ಸ್‌ಮನ್ ಕ್ಷಮಾಪಣೆ, ಶುಲ್ಕ ಮರುಪಾವತಿ ಅಥವಾ ಕಾರ್ಯವಿಧಾನದ ಬದಲಾವಣೆಯನ್ನು ಶಿಫಾರಸು ಮಾಡಬಹುದು. ಆದರೆ ನ್ಯಾಯಾಲಯದ ತೀರ್ಪಿನಂತೆ ಅದನ್ನು ಬಲವಂತವಾಗಿ ಜಾರಿಗೊಳಿಸಲಾಗದು.

ಹಿಂಸೆ ಮತ್ತು ನಿರ್ಲಕ್ಷ್ಯದ ವಿಚಾರಣೆ

ಹಿಂಸೆ ಅಥವಾ ನಿರ್ಲಕ್ಷ್ಯದ ಶಂಕೆಯಿದ್ದಾಗ ಗೃಹದ ಉತ್ತರಕ್ಕಾಗಿ ಕಾಯಬೇಕಾಗಿಲ್ಲ. ಯಾರು ಬೇಕಾದರೂ ನೇರವಾಗಿ ಕೌನ್ಸಿಲ್‌ಗೆ ತಿಳಿಸಬಹುದು. 2014ರ ಕೇರ್ ಕಾಯ್ದೆಯ 42ನೇ ಸೆಕ್ಷನ್ ವಿಚಾರಣೆಯ ಕರ್ತವ್ಯವನ್ನು ಕೌನ್ಸಿಲ್‌ಗೆ ವಹಿಸುತ್ತದೆ. ವ್ಯಕ್ತಿಗೆ ಆರೈಕೆಯ ಅಗತ್ಯವಿರುವುದು, ಹಿಂಸೆ ಅಥವಾ ನಿರ್ಲಕ್ಷ್ಯಕ್ಕೆ ಒಳಗಾಗಿರುವುದು ಇಲ್ಲವೇ ಅದರ ಅಪಾಯದಲ್ಲಿರುವುದು, ಹಾಗೂ ಆ ಅಗತ್ಯಗಳ ಕಾರಣದಿಂದಲೇ ತನ್ನನ್ನು ರಕ್ಷಿಸಿಕೊಳ್ಳಲಾಗದಿರುವುದು ಇದಕ್ಕೆ ಆಧಾರ. ಕೌನ್ಸಿಲ್ ತಾನೇ ವಿಚಾರಿಸಬಹುದು ಅಥವಾ ಇತರರಿಂದ ವಿಚಾರಣೆ ಮಾಡಿಸಬಹುದು. ವಿಚಾರಣೆಯಲ್ಲಿ ಪಾಲ್ಗೊಳ್ಳಲು ತೀವ್ರ ತೊಂದರೆಯಿದ್ದು, ಸೂಕ್ತ ಬಂಧುಮಿತ್ರರೂ ಇಲ್ಲದವರಿಗೆ ಸ್ವತಂತ್ರ ಪ್ರತಿನಿಧಿಯನ್ನು ಒದಗಿಸಬೇಕು.

ಅಪರಾಧದ ಶಂಕೆಯಿದ್ದರೆ ಪೊಲೀಸರು ತನಿಖೆ ನಡೆಸುತ್ತಾರೆ. ಆರೈಕೆ ಸಿಬ್ಬಂದಿ ಉದ್ದೇಶಪೂರ್ವಕವಾಗಿ ನಿರ್ಲಕ್ಷಿಸುವುದು ಅಥವಾ ಹಿಂಸಿಸುವುದು 2015ರ ಕಾಯ್ದೆಯ ಅನ್ವಯ ಗರಿಷ್ಠ 5 ವರ್ಷಗಳ ಸೆರೆವಾಸಕ್ಕೆ ಅರ್ಹವಾದ ಅಪರಾಧ.

ನಿಯಂತ್ರಕರ ಪಾತ್ರ

2009ರಲ್ಲಿ ಕಾರ್ಯಾರಂಭ ಮಾಡಿದ ಕೇರ್ ಕ್ವಾಲಿಟಿ ಕಮಿಷನ್ ಗೃಹಗಳ ನೋಂದಣಿ ಮತ್ತು ತಪಾಸಣೆ ನಡೆಸುತ್ತದೆ. ಆರೈಕೆ ಗೃಹದ ನಿವಾಸಿಯೊಬ್ಬರ ವೈಯಕ್ತಿಕ ದೂರನ್ನು ಇದು ಸಾಮಾನ್ಯವಾಗಿ ಇತ್ಯರ್ಥಪಡಿಸುವುದಿಲ್ಲ. ಆದರೆ ಬಂದ ಮಾಹಿತಿಯನ್ನು ಆಧರಿಸಿ ಪೂರ್ವಸೂಚನೆಯಿಲ್ಲದೆ ತಪಾಸಣೆ ನಡೆಸಬಹುದು, ಎಚ್ಚರಿಕೆ ನೋಟಿಸ್ ನೀಡಬಹುದು, ನೋಂದಣಿಯನ್ನು ರದ್ದುಪಡಿಸಬಹುದು.

ವಿಂಟರ್‌ಬೋರ್ನ್ ವ್ಯೂ ಪ್ರಕರಣ

ಹೊಣೆ ಹಂಚಿಹೋದಾಗ ಮಾಹಿತಿಯೂ ಚದುರಿಹೋಗುವ ಅಪಾಯವಿದೆ. ಬ್ರಿಸ್ಟಲ್ ಸಮೀಪದ ವಿಂಟರ್‌ಬೋರ್ನ್ ವ್ಯೂ ಇದಕ್ಕೆ ಪ್ರಮುಖ ನಿದರ್ಶನ. ಇದು ಆರೈಕೆ ಗೃಹವಲ್ಲ, ಕಲಿಕಾ ಅಸಾಮರ್ಥ್ಯವುಳ್ಳ ವಯಸ್ಕರ ಖಾಸಗಿ ಆಸ್ಪತ್ರೆ. ಆದರೂ ಇದೇ ಆಯೋಗದ ವ್ಯಾಪ್ತಿಗೆ ಒಳಪಟ್ಟಿತ್ತು. ಅಲ್ಲಿನ ಹಿರಿಯ ಶುಶ್ರೂಷಕರೊಬ್ಬರು ಆಡಳಿತಕ್ಕೂ ಆಯೋಗಕ್ಕೂ ತಿಳಿಸಿದರೂ ಸಕಾಲಿಕ ಕ್ರಮವಾಗಲಿಲ್ಲ. 2011ರ ಮೇ ತಿಂಗಳಲ್ಲಿ ಬಿಬಿಸಿಯ ಪನೋರಮಾ ಕಾರ್ಯಕ್ರಮವು ರಹಸ್ಯವಾಗಿ ಚಿತ್ರೀಕರಿಸಿದ ಹಿಂಸೆಯ ದೃಶ್ಯಗಳನ್ನು ಪ್ರಸಾರ ಮಾಡಿತು. ಆಸ್ಪತ್ರೆ ಮುಚ್ಚಿತು, 2012ರಲ್ಲಿ 11 ಸಿಬ್ಬಂದಿಗೆ ಶಿಕ್ಷೆಯಾಗಿ, ಅವರಲ್ಲಿ 6 ಮಂದಿ ಸೆರೆಮನೆ ಸೇರಿದರು. ಅದೇ ವರ್ಷ ಪ್ರಕಟವಾದ ಮಾರ್ಗರೆಟ್ ಫ್ಲಿನ್ ಅವರ ಪರಾಮರ್ಶೆಯ ಪ್ರಕಾರ ಕೌನ್ಸಿಲ್‌ಗೆ 40 ಎಚ್ಚರಿಕೆಗಳು ಬಂದಿದ್ದವು. ಅವನ್ನು ಬಿಡಿ ಘಟನೆಗಳೆಂದು ಪರಿಗಣಿಸಿದ್ದರಿಂದ ಒಟ್ಟು ಚಿತ್ರಣ ಯಾರಿಗೂ ಗೋಚರಿಸಲಿಲ್ಲ.

ಅಡೆತಡೆಗಳು

ನಿವಾಸಿಗಳು ದಿನನಿತ್ಯದ ಅಗತ್ಯಗಳಿಗೆ ಸಿಬ್ಬಂದಿಯನ್ನೇ ಅವಲಂಬಿಸಿರುವುದರಿಂದ ದೂರು ನೀಡಲು ಹಿಂಜರಿಯುವುದುಂಟು. ಮರೆವಿನ ಕಾಯಿಲೆಯುಳ್ಳವರಿಗೆ ನಡೆದುದನ್ನು ವಿವರಿಸುವುದೇ ಕಷ್ಟ. ಆದ್ದರಿಂದ ಕುಟುಂಬದವರು ಗಾಯ, ತೂಕದ ಇಳಿಕೆ, ವರ್ತನೆಯ ಬದಲಾವಣೆಗಳನ್ನು ದಿನಾಂಕಸಹಿತ ಬರೆದಿಡುವುದು ತನಿಖೆಗೆ ಸಹಾಯಕ. ಅಕ್ರಮಗಳನ್ನು ಬಯಲಿಗೆಳೆಯುವ ನೌಕರರಿಗೆ 1998ರ ಸಾರ್ವಜನಿಕ ಹಿತಾಸಕ್ತಿ ಬಹಿರಂಗಪಡಿಸುವಿಕೆ ಕಾಯ್ದೆಯು ಉದ್ಯೋಗರಕ್ಷಣೆ ನೀಡುತ್ತದೆ.