ಫರ್ಮಾನ ಆರನೆಯ ಸಂಖ್ಯೆ

ಒಂದರಿಂದ ಮತ್ತು ತನ್ನಿಂದಲ್ಲದೆ ಬೇರಾವ ಸಂಖ್ಯೆಯಿಂದಲೂ ನಿಶ್ಶೇಷವಾಗಿ ಭಾಗವಾಗದ, ಒಂದಕ್ಕಿಂತ ದೊಡ್ಡದಾದ ಪೂರ್ಣಸಂಖ್ಯೆಗೆ ಅವಿಭಾಜ್ಯ ಸಂಖ್ಯೆ ಎಂದು ಹೆಸರು. 2, 3, 5, 7 ಇಂಥವು. ಚಿಕ್ಕ ಸಂಖ್ಯೆಯು ಅವಿಭಾಜ್ಯವೇ ಅಲ್ಲವೇ ಎಂಬುದನ್ನು ಸುಲಭವಾಗಿ ಹೇಳಬಹುದು. ಸಂಖ್ಯೆಯು ದೊಡ್ಡದಾದಂತೆ ಈ ಪ್ರಶ್ನೆಯು ಕಠಿಣವಾಗುತ್ತ ಹೋಗುತ್ತದೆ. ಮಹಾಮೇಧಾವಿಗಳೂ ಇಲ್ಲಿ ಎಡವಿದ್ದುಂಟು.

ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸ್ ದೇಶದ ತುಲೂಸ್ ನಗರದಲ್ಲಿ ಪಿಯರ್ ದ ಫರ್ಮಾ ಎಂಬ ನ್ಯಾಯಾಧಿಕಾರಿಯಿದ್ದನು. ಗಣಿತವು ಅವನ ವೃತ್ತಿಯಾಗಿರಲಿಲ್ಲ. ಆದರೂ ಆ ಕಾಲದ ಶ್ರೇಷ್ಠ ಗಣಿತಜ್ಞರಲ್ಲಿ ಅವನೊಬ್ಬನು. 2ರ ಘಾತಕ್ಕೆ 1ನ್ನು ಕೂಡಿಸಿದಾಗ ಬರುವ ಸಂಖ್ಯೆಗಳನ್ನು ಅವನು ಪರಿಶೀಲಿಸಿದನು. ಘಾತಸೂಚಿಯು 1, 2, 4, 8, 16 ಎಂದು ಇಮ್ಮಡಿಯಾಗುತ್ತ ಹೋದರೆ 3, 5, 17, 257, 65,537 ಎಂಬ ಸಂಖ್ಯೆಗಳು ದೊರೆಯುತ್ತವೆ. ಈ ಐದೂ ಅವಿಭಾಜ್ಯಗಳು. ಸಾಲಿನ ಉಳಿದ ಸಂಖ್ಯೆಗಳೂ ಹಾಗೆಯೇ ಇರುವುವೆಂದು ಫರ್ಮಾ 1640ರಲ್ಲಿ ಪತ್ರದಲ್ಲಿ ಬರೆದನು. ಆದರೆ ಅದನ್ನು ಸಾಧಿಸಿ ತೋರಿಸಲು ಅವನಿಂದಾಗಲಿಲ್ಲ.

ಸಾಲಿನ ಆರನೆಯ ಸಂಖ್ಯೆ 2³² + 1; ಅಂದರೆ 4,29,49,67,297. ಇದನ್ನು ನೇರವಾಗಿ ಪರೀಕ್ಷಿಸಬೇಕಾದರೆ ಇದರ ವರ್ಗಮೂಲದವರೆಗಿನ, ಎಂದರೆ ಸುಮಾರು 65,536ರವರೆಗಿನ, ಅವಿಭಾಜ್ಯಗಳಿಂದ ಒಂದೊಂದಾಗಿ ಭಾಗಿಸಿ ನೋಡಬೇಕು. ಅಂಥ ಸಂಖ್ಯೆಗಳು ಆರು ಸಾವಿರಕ್ಕೂ ಹೆಚ್ಚಾಗಿವೆ.

ಸುಮಾರು ತೊಂಬತ್ತು ವರ್ಷಗಳ ಬಳಿಕ, 1732ರಲ್ಲಿ, ರಷ್ಯದ ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿದ್ದ ಸ್ವಿಸ್ ಗಣಿತಜ್ಞ ಲಿಯೊನಾರ್ಡ್ ಆಯ್ಲರನು ಈ ಸಂಖ್ಯೆಯು 641ರಿಂದ ನಿಶ್ಶೇಷವಾಗಿ ಭಾಗವಾಗುವುದೆಂದು ತೋರಿಸಿದನು. 641 ಮತ್ತು 67,00,417 ಇವುಗಳ ಗುಣಲಬ್ಧವೇ ಆ ಸಂಖ್ಯೆ. ಇದರ ಯಾವ ಅವಿಭಾಜ್ಯ ಭಾಜಕವನ್ನು 64ರಿಂದ ಭಾಗಿಸಿದರೂ 1 ಶೇಷ ಉಳಿಯಲೇಬೇಕೆಂಬುದನ್ನು ಅವನು ಮುಂದೆ ಸಾಧಿಸಿದನು. ಅಂಥ ಅವಿಭಾಜ್ಯಗಳು ಕ್ರಮವಾಗಿ 193, 257, 449, 577, 641. ಸಾವಿರಾರು ಭಾಗಾಕಾರಗಳ ಸ್ಥಾನದಲ್ಲಿ ಐದೇ ಸಾಕಾದುವು!

ಭಾಗಾಕಾರವನ್ನೇ ಮಾಡದೆಯೂ ಇದನ್ನು ತಿಳಿಯಬಹುದು. 641ನ್ನು 5⁴ + 2⁴ ಎಂದೂ 5 × 2⁷ + 1 ಎಂದೂ ಬರೆಯಬಹುದು. ಮೊದಲನೆಯದನ್ನು 2²⁸ರಿಂದ ಗುಣಿಸಿದರೆ 5⁴ × 2²⁸ + 2³² ಬರುತ್ತದೆ; ಇದು 641ರ ಅಪವರ್ತ್ಯ. ಇನ್ನು 5 × 2⁷ನ್ನು ಕ ಎಂದು ಕರೆಯೋಣ. ಕ⁴ − 1 ಎಂಬುದು ಕ + 1ರಿಂದ, ಅಂದರೆ 641ರಿಂದ, ಭಾಗವಾಗುತ್ತದೆ. ಆದುದರಿಂದ 5⁴ × 2²⁸ − 1 ಸಹ 641ರ ಅಪವರ್ತ್ಯವೇ. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಉಳಿಯುವುದು 2³² + 1. ಎರಡು ಅಪವರ್ತ್ಯಗಳ ವ್ಯತ್ಯಾಸವೂ ಅಪವರ್ತ್ಯವೇ ಆಗಿರಬೇಕಷ್ಟೆ.

ಫರ್ಮಾನ ಶ್ರಮವು ವ್ಯರ್ಥವಾಗಲಿಲ್ಲ. 17 ಸಮಬಾಹುಗಳ ಕ್ರಮಬಹುಭುಜವನ್ನು ಅಳತೆಪಟ್ಟಿ ಮತ್ತು ಕೈವಾರಗಳಿಂದಲೇ ರಚಿಸಬಹುದೆಂದು 1796ರಲ್ಲಿ ಜರ್ಮನಿಯ ಗೌಸ್ ಕಂಡುಹಿಡಿದಾಗ, ಅದರ ಮೂಲದಲ್ಲಿದ್ದುದು ಇದೇ ಸಾಲಿನ ಸಂಖ್ಯೆ. ಆದರೆ ಮೊದಲ ಐದರ ಹೊರತು ಈ ಸಾಲಿನಲ್ಲಿ ಬೇರೊಂದು ಅವಿಭಾಜ್ಯವು ಇದುವರೆಗೆ ದೊರೆತಿಲ್ಲ. ಮುಂದೆ ದೊರೆಯಲಾರದೆಂದೂ ಯಾರೂ ಸಾಧಿಸಿಲ್ಲ. ಐದು ಉದಾಹರಣೆಗಳು ಸರಿಹೊಂದಿದ ಮಾತ್ರಕ್ಕೆ ನಿಯಮವು ಸ್ಥಿರಪಡುವುದಿಲ್ಲ. ಅದನ್ನು ಅಲ್ಲಗಳೆಯಲು ಒಂದೇ ವಿರುದ್ಧ ಉದಾಹರಣೆ ಸಾಕು.