ಅರ್ಥ ಕೇಳದ ಪದಗಳ ಆಟ

‘ನ್ಯುಮೋನೋಅಲ್ಟ್ರಾಮೈಕ್ರೋಸ್ಕೋಪಿಕ್‌ಸಿಲಿಕೋವಾಲ್ಕೆನೋಕೋನಿಯೋಸಿಸ್!’

ಗಾಬರಿಯಾಗಬೇಡಿ, ಇದು ಮಂತ್ರವಲ್ಲ, ಇಂಗ್ಲಿಷಿನ ಒಂದು ಪದ. ಜ್ವಾಲಾಮುಖಿಯ ನುಣ್ಣನೆಯ ಧೂಳು ಶ್ವಾಸಕೋಶವನ್ನು ಹೊಕ್ಕು ಬರುವ ಬೇನೆಯ ಹೆಸರಂತೆ. ಅಕ್ಷರಗಳು 45. ಇದನ್ನು ಹೆತ್ತವರು ವೈದ್ಯರಲ್ಲ; 1935ರಲ್ಲಿ ಅಮೆರಿಕದ ಒಗಟುಪ್ರಿಯರ ಸಂಘದ ಅಧ್ಯಕ್ಷರು ಕೇವಲ ಉದ್ದಕ್ಕಾಗಿ ಹೊಸೆದ ಪದವಿದು. ಆದರೂ ನಿಘಂಟುಗಳು ಇದಕ್ಕೆ ಮಣೆ ಹಾಕಿವೆ.

ಆದರೆ ಪದಕ್ರೀಡೆಗಳ ರಾಜನೆನಿಸಿದ ‘ಸ್ಕ್ರ್ಯಾಬಲ್’ ಆಟದಲ್ಲಿ ಈ ಮಹಾಪದಕ್ಕೆ ಕಾಸಿನ ಬೆಲೆಯೂ ಇಲ್ಲ. ಅಲ್ಲಿ ಸಾಲಿಗೆ 15 ಮನೆಗಳು ಮಾತ್ರ. ಆ ಆಟವನ್ನು ಕಲ್ಪಿಸಿದವನು ಆಲ್‌ಫ್ರೆಡ್ ಬಟ್ಸ್ ಎಂಬ ಅಮೆರಿಕದ ವಾಸ್ತುಶಿಲ್ಪಿ. 1930ರ ದಶಕದ ಮುಗ್ಗಟ್ಟಿನಲ್ಲಿ ಕೆಲಸ ಕಳೆದುಕೊಂಡ ಆತ, ವೃತ್ತಪತ್ರಿಕೆಯಲ್ಲಿ ಯಾವ ಅಕ್ಷರ ಎಷ್ಟು ಬಾರಿ ಬರುವುದೆಂದು ಎಣಿಸಿ ಅಕ್ಷರಗಳಿಗೆ ಬೆಲೆ ಕಟ್ಟಿದನು. ಎಲ್ಲೆಲ್ಲೂ ಕಾಣುವ ‘ಇ’ಗೆ 1 ಅಂಕ, ಅಪರೂಪದ ‘ಕ್ಯೂ’, ‘ಜೆಡ್’ಗಳಿಗೆ ಹತ್ತು ಹತ್ತು. ಆದುದರಿಂದ ಇಲ್ಲಿ ಉದ್ದಕ್ಕಿಂತ ಅಪೂರ್ವತೆಯೇ ಮೇಲು.

1982ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಕಾರ್ಲ್ ಖೋಶ್ನಾ ಎಂಬವರು ಎಂಟಕ್ಷರದ ‘ಕಝೀಕ್ಸ್’ ಪದವನ್ನು ಹೂಡಿ ಒಂದೇ ಪಟ್ಟಿಗೆ 392 ಅಂಕ ಗೆದ್ದರು. ಲೆಕ್ಕ ಸೊಗಸಾಗಿದೆ: ಅಕ್ಷರಗಳ ಬೆಲೆ 28, ‘ಕ್ಯೂ’ ಇಮ್ಮಡಿಯ ಮನೆಯಲ್ಲಿ ಕುಳಿತು 38 ಆಯಿತು, ಪದದ ಎರಡು ತುದಿಗಳೂ ಮುಮ್ಮಡಿಯ ಮನೆಗಳನ್ನು ಹಿಡಿದುದರಿಂದ ಅದರ ಒಂಬತ್ತರಷ್ಟು, 342, ಕೈಯಲ್ಲಿದ್ದ ಏಳು ಬಿಲ್ಲೆಗಳನ್ನೂ ಇಳಿಸಿದುದಕ್ಕೆ ಇನಾಮು 50.

ಇಷ್ಟು ಅಂಕ ತಂದ ಪದದ ಅರ್ಥವೇನು? ಕೆರಿಬಿಯನ್ ದ್ವೀಪಗಳ ತಾಯ್ನೊ ಜನರು ತಮ್ಮ ನಾಯಕರನ್ನು ಕರೆಯುತ್ತಿದ್ದ ಹೆಸರದು. 1492ರಲ್ಲಿ ಕೊಲಂಬಸನು ಅಲ್ಲಿಗೆ ಬಂದ ಕೆಲವೇ ದಶಕಗಳಲ್ಲಿ ರೋಗಕ್ಕೂ ಜೀತಕ್ಕೂ ಸಿಕ್ಕಿ ಆ ಜನರಲ್ಲಿ ಬಹುಪಾಲು ಅಳಿದುಹೋದರು. ನಾಯಕರು ಹೋದರು; ಹೆಸರು ಮಾತ್ರ ಸ್ಪ್ಯಾನಿಷಿನ ಮೂಲಕ ಇಂಗ್ಲಿಷನ್ನು ಸೇರಿ ಆಟದ ಮಣೆಯವರೆಗೂ ಬಂದಿತು.

ಆಟವಾದರೋ ಅರ್ಥವನ್ನು ಕೇಳುವುದೇ ಇಲ್ಲ. ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ ಫ್ರೆಂಚ್ ಮಾತನಾಡಲು ಬಾರದಿದ್ದರೂ ಆ ಭಾಷೆಯ ಪದಪಟ್ಟಿಯನ್ನು ಒಂಬತ್ತು ವಾರಗಳಲ್ಲಿ ಕಂಠಪಾಠ ಮಾಡಿ, 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್ಲಿನ ವಿಶ್ವವಿಜೇತರಾದರು. 2024ರಲ್ಲಿ ಸ್ಪ್ಯಾನಿಷಿನಲ್ಲಿಯೂ ಗೆದ್ದರು. ಇದು ಅದ್ಭುತ ಸ್ಮರಣಶಕ್ತಿ, ಸಂದೇಹವಿಲ್ಲ. ಆದರೆ ವಾಕ್ಕು ಮತ್ತು ಅರ್ಥಗಳ ನಂಟನ್ನು ಪಾರ್ವತೀ ಪರಮೇಶ್ವರರ ನಂಟಿಗೆ ಹೋಲಿಸಿದ ಕಾವ್ಯವನ್ನು ಓದಿ ಬೆಳೆದ ನಮ್ಮಂಥವರಿಗೆ ಮನಸ್ಸು ಕೊಂಚ ಅಳುಕುತ್ತದೆ.

ಹಾಗೆಂದು ಆಟವನ್ನು ಬಿಡಬೇಕಾಗಿಲ್ಲ. ಬಿಲ್ಲೆಗಳನ್ನು ಚೀಲಕ್ಕೆ ತುಂಬಿದ ಮೇಲೆ, ಗೆಲ್ಲಿಸಿದ ಒಂದು ಪದವನ್ನಾದರೂ ನಿಘಂಟಿನಲ್ಲಿ ಹುಡುಕಿ ನೋಡಿದರಾಯಿತು. ಅಂಕ ಆ ಸಂಜೆಗೆ ಮುಗಿಯುತ್ತದೆ. ಅರ್ಥ ನಮ್ಮೊಡನೆ ಮನೆಗೆ ಬರುತ್ತದೆ.