ಟ್ರೇಲರಿನ ಹಿಂದೊಂದು ಕೆಂಪು ದೀಪ

ಕಬ್ಬಿನ ಹಂಗಾಮಿನಲ್ಲಿ ಮಂಡ್ಯ, ಬೆಳಗಾವಿ ಕಡೆ ರಾತ್ರಿ ಬೈಕಿನಲ್ಲಿ ಹೋಗುವವರಿಗೆ ಒಂದೇ ದಿಗಿಲು: ಮುಂದೆ ದೀಪವಿಲ್ಲದ ಟ್ರೇಲರ್ ಇದ್ದರೆ? ಟ್ರ್ಯಾಕ್ಟರಿನ ದೀಪವನ್ನು ಕಬ್ಬಿನ ಹೊರೆ ಮರೆಮಾಡಿರುತ್ತದೆ.

ಟ್ರೇಲರಿನ ದೀಪಗಳಿಗೆ ಕರೆಂಟು ಬರುವುದು ಟ್ರ್ಯಾಕ್ಟರಿನ 12 ವೋಲ್ಟ್ ಬ್ಯಾಟರಿಯಿಂದ, 7 ಪಿನ್ನಿನ ಸಾಕೆಟ್ಟಿನ ಮೂಲಕ. ಎಡ ಇಂಡಿಕೇಟರ್, ಬಲ ಇಂಡಿಕೇಟರ್, ಬ್ರೇಕು, ಒಂದೊಂದಕ್ಕೂ ಬೇರೆ ತಂತಿ. ಕರೆಂಟು ವಾಪಸಾಗಲು ಮಾತ್ರ ಎಲ್ಲಕ್ಕೂ ಒಂದೇ ದಾರಿ, ಅರ್ಥಿಂಗ್ ತಂತಿ. ಅದನ್ನು ಬಿಟ್ಟು ಕೊಂಡಿಯ ಕಬ್ಬಿಣವನ್ನೇ ನೆಚ್ಚುವವರುಂಟು. ಅಲ್ಲಿ ತುಕ್ಕು, ಗ್ರೀಸು ಸೇರಿತೆಂದರೆ ಕರೆಂಟು ಬೇರೆ ಬಲ್ಬುಗಳೊಳಗೆ ನುಸುಳುತ್ತದೆ. ಇಂಡಿಕೇಟರ್ ಹಾಕಿದರೆ ಹಿಂದಿನ ಕೆಂಪು ದೀಪ ಮಿಣುಕುತ್ತದೆ! ಬಲ್ಬು ಬದಲಿಸಿ ಫಲವಿಲ್ಲ. ತುಕ್ಕು ಉಜ್ಜಿ, ದಪ್ಪನೆಯ ತಂತಿಯನ್ನು ಷಾಸಿಗೆ ಬಿಗಿಯಬೇಕು.

ಶಾಲೆಯಲ್ಲಿ ವಿದ್ಯುನ್ಮಂಡಲದ ಪಾಠ ಓದಿದ ಮಗಳೋ ಮಗನೋ ಅಂಗಳದಲ್ಲೇ ಈ ದೋಷವನ್ನು ಗುರುತಿಸಬಹುದು. ಅಪ್ಪ ಸೀಟಿನಲ್ಲಿ ಕೂತು ಬ್ರೇಕು ತುಳಿಯಲಿ, ಮಕ್ಕಳು ಹಿಂದೆ ದೂರ ನಿಂತು ನೋಡಲಿ, ಹೊರೆ ಹೇರುವ ಮೊದಲೇ.